ಉತ್ತರ ಬಾಗಿಲಿನ ಕಾವಲು

ಜೂನ್ 7, ಶನಿವಾರ

ಇಪ್ಪತ್ತೆರಡು ಪುಟ. ನಾಲ್ಕು ತಿಂಗಳು ಕೂತು ಬರೆದ ಇಪ್ಪತ್ತೆರಡು ಪುಟವನ್ನು ಅಕ್ಕ ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿದಳು.

ಶನಿವಾರದ ಆಟದಲ್ಲಿ ಎರಡು ವರ್ಷದಿಂದ ಕಟ್ಟುತ್ತ ಬಂದ ಕಥೆ ಇವತ್ತು ತುದಿ ಮುಟ್ಟಬೇಕಿತ್ತು. ಶತ್ರುಗಳು ಕೋಟೆಯ ಉತ್ತರ ಬಾಗಿಲಿಗೆ ಬಂದು ನಿಂತಿದ್ದರು. ಮೇಷ್ಟ್ರ ಪಾತ್ರವಾದ ಬಿಲ್ಲುಗಾರ ಗೋಡೆಯ ಮೇಲೆ, ಕನ್ನಡಕದಂಗಡಿಯಾಕೆಯ ವೈದ್ಯೆ ಗಾಯಾಳುಗಳ ನಡುವೆ, ಅಕ್ಕನ ಕಾವಲುಗಾತಿ ಬಾಗಿಲಲ್ಲಿ. ದಾಳವನ್ನು ಅವಳ ಕಡೆ ತಳ್ಳಿ, "ಏನು ಮಾಡ್ತೀಯ?" ಎಂದೆ.

"ಬೀಗದ ಕೈ ಕೆಳಗಿಡ್ತೀನಿ. ಹೋಗ್ತೀನಿ."

"ಎಲ್ಲಿಗೆ?"

"ಗೊತ್ತಿಲ್ಲ. ಹೊರಗೆ."

ತಮಾಷೆ ಎಂದುಕೊಂಡೆ. ಅಲ್ಲ. ಆಟದ ನಿಯಮದ ಪುಸ್ತಕ ತೆಗೆದು ನಲವತ್ತೊಂದನೇ ಪುಟ ಓದಿ ಹೇಳಿದೆ: ಪ್ರತಿಜ್ಞೆ ಮುರಿದ ಪಾತ್ರ ಕಥೆಯಿಂದ ಹೊರಗೆ. ಬಾಗಿಲು ಬಿಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವಳು ಅವಳೇ. ಯಾರೂ ಕತ್ತು ಹಿಡಿದು ಮಾಡಿಸಿರಲಿಲ್ಲ.

"ಹೊರಗೆ ಅಂದ್ರೆ ಹೊರಗೆ ತಾನೇ? ಅದನ್ನೇ ನಾನೂ ಹೇಳಿದ್ದು," ಎಂದಳು.

"ಹೊರಗೆ ಅಂದ್ರೆ ಸಾಯೋದು ಅಂತ ಅರ್ಥ ಅಕ್ಕಾ."

"ಎಲ್ಲಿ ಬರ್ದಿದೆ ಹಾಗಂತ?"

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಬಾಗಿಲು ದಾಟಿ ಹತ್ತು ಹೆಜ್ಜೆ ಇಟ್ಟಳು, ಬೆನ್ನಿಗೆ ಮೂರು ಬಾಣ ಬಿತ್ತು, ಸತ್ತಳು ಎಂದು ತೀರ್ಪು ಕೊಟ್ಟೆ. ಸೂತ್ರಧಾರ ನಾನು. ಕೊನೆಯ ಮಾತು ನನ್ನದು.

ಅಕ್ಕ ತನ್ನ ಪಾತ್ರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಪುಸ್ತಕದೊಳಗೆ ತುರುಕಿದಳು. ಒಳಗಿನ ಕೋಣೆಯಿಂದ ಭಾವ "ಏ" ಎಂದು ಕೂಗಿದರು. ಎದ್ದು ಹೋದಳು. ಮತ್ತೆ ಹೊರಗೆ ಬರಲಿಲ್ಲ. ಚಹಾದ ಕಪ್ಪುಗಳನ್ನು ನಾನೇ ತೊಳೆದಿಟ್ಟು ಬಂದೆ. ಒಂದರ ಹಿಡಿ ಮುರಿಯಿತು. ಮುರಿಯಲಿ.

ಜೂನ್ 9, ಸೋಮವಾರ

ಬಟ್ಟೆ ಅಂಗಡಿಯ ಲಿಫ್ಟು. ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಡಬ್ಬಿ ಮೇಲೇಳುತ್ತದೆ. ಬಾಗಿಲು ಮುಚ್ಚದೆ ಏಳದ ಹಾಗೆ ಬೀಗ ಹಾಕಿಸಿ ಎಂದೆ. ಮ್ಯಾನೇಜರು ಹಲ್ಲು ಕಿರಿಯುತ್ತ, "ಎರಡು ಬೆರಳು ಸಂದಿ ಸಾರ್ ಅಷ್ಟೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಆ ಸಂದಿಗೆ ನಿಮ್ಮ ಎರಡು ಬೆರಳನ್ನೇ ಇಡಿ, ಆಮೇಲೆ ಮಾತಾಡೋಣ ಎಂದೆ. ಹಲ್ಲು ಒಳಗೆ ಹೋಯಿತು.

ಹತ್ತೊಂಬತ್ತು ವರ್ಷದಿಂದ ಲಿಫ್ಟು ತಪಾಸಣೆ ಮಾಡುತ್ತಿದ್ದೇನೆ. ನಿಯಮ ಪುಸ್ತಕದ ಒಂದೊಂದು ಸಾಲಿನ ಹಿಂದೆಯೂ ಯಾರದೋ ಮುರಿದ ಕಾಲಿದೆ. ಇದು ಯಾರ ತಲೆಗೂ ಹೋಗುವುದಿಲ್ಲ.

ಜೀಪಿನಲ್ಲಿ ಬರುವಾಗ ಸಹಾಯಕ ಎಂಜಿನಿಯರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಹೇಳಿದೆ. ಅವನಿಗೆ ಆಟವೇ ಅರ್ಥವಾಗಲಿಲ್ಲ.

"ಇಸ್ಪೀಟಾ ಸಾರ್?"

ಇಸ್ಪೀಟಲ್ಲ, ಮಾರಾಯ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗುತ್ತಾರೆ. ಮುಂದೇನು ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾರೆ. ಅಪಾಯ ಇದ್ದ ಕಡೆ ದಾಳ ಉರುಳಿಸಬೇಕು. ಸೂತ್ರಧಾರ ಊರು, ಶತ್ರು, ಗಾಳಿ, ಮಳೆ ಎಲ್ಲವನ್ನೂ ನಡೆಸುತ್ತಾನೆ, ನಿಯಮ ನೋಡಿ ತೀರ್ಪು ಕೊಡುತ್ತಾನೆ. ಹಾಗೆ ಎಲ್ಲರೂ ಸೇರಿ ಕಥೆ ಕಟ್ಟುವುದು.

"ಗೆಲ್ಲೋರು ಯಾರು ಸಾರ್?"

"ಯಾರೂ ಗೆಲ್ಲಲ್ಲ."

"ಮತ್ತೆ ಜಗಳ ಯಾತಕ್ಕೆ?"

ತಪಾಸಣಾ ವರದಿ ತೆಗೆದು ಬರೆಯತೊಡಗಿದೆ.

ಜೂನ್ 14, ಶನಿವಾರ

ಬೆಳಿಗ್ಗೆ ಅಕ್ಕನಿಂದ ಮೂರೇ ಪದದ ಸಂದೇಶ: ಇವತ್ತು ಆಟ ಬೇಡ. ಕಾರಣವಿಲ್ಲ, ವಿವರಣೆಯಿಲ್ಲ. ಹನ್ನೊಂದು ವರ್ಷದಿಂದ ಶನಿವಾರ ಮಧ್ಯಾಹ್ನ ಅವಳ ಮನೆಯಲ್ಲಿ ಆಟ. ಮೊದಲೆಲ್ಲ ಸೂತ್ರಧಾರ ಭಾವ. ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಹೋದ ಮೇಲೆ ಒಂದು ವರ್ಷ ಆಟ ನಿಂತಿತ್ತು. ಆಮೇಲೆ ಮತ್ತೆ ಶುರು ಮಾಡಿದವನು ನಾನು. ಯಾರೂ ಕೇಳದಿದ್ದರೂ ಹೊತ್ತುಕೊಂಡೆ. ಅದಕ್ಕೆ ಇದು ಪ್ರತಿಫಲ.

ಮಧ್ಯಾಹ್ನ ಮೇಷ್ಟ್ರು ಬಂದರು. ಗಣಿತದ ಮೇಷ್ಟ್ರು, ನಿವೃತ್ತಿಯಾಗಿ ಆರು ವರ್ಷ. ಕೂರಿ ಎಂದರೂ ಕೂರದೆ ಬಾಗಿಲಲ್ಲೇ ನಿಂತು ಕೇಳಿದರು:

"ಒಂದು ಲೆಕ್ಕ ಹೇಳಯ್ಯಾ. ಮೂರು ಬಾಣ ಬಿತ್ತು ಅಂದೆಯಲ್ಲ, ದಾಳದಲ್ಲಿ ಎಷ್ಟು ಬಂದಿತ್ತು?"

"ಅಂದ್ರೆ?"

"ಬಾಣ ಬಿಟ್ಟರೆ ಬಾಣಕ್ಕೊಂದು ದಾಳ. ನಾಲ್ಕಕ್ಕಿಂತ ಕಮ್ಮಿ ಬಿದ್ದರೆ ಗುರಿ ತಪ್ಪಿತು. ನೀನೇ ನಮಗೆಲ್ಲ ಬಾಯಿಪಾಠ ಮಾಡಿಸಿದ್ದು. ನೀನು ದಾಳಾನೇ ಉರುಳಿಸ್ಲಿಲ್ಲ."

"ಮೇಷ್ಟ್ರೇ, ಅದು ಪ್ರತಿಜ್ಞೆ ಮುರಿದ ಶಿಕ್ಷೆ."

"ಶಿಕ್ಷೆ ಆದ್ರೆ ಬಾಣ ಯಾಕೆ? ಬಾಣ ಆದ್ರೆ ದಾಳ ಎಲ್ಲಿ?"

ನಿಮಗೆ ವಯಸ್ಸಾಗಿದೆ, ನೆನಪು ಸರಿಯಿಲ್ಲ ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದು ಇನ್ನೂ ಉರಿ ತಂದಿತು. ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

ಜೂನ್ 15, ಭಾನುವಾರ

ಉರುಳಿಸಲಿಲ್ಲ. ನಿಜ.

ಜೂನ್ 18, ಬುಧವಾರ

ಕನ್ನಡಕದ ಮೂಗಿನ ಮೇಲಿನ ತಿರುಪು ಬಿದ್ದುಹೋಗಿತ್ತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋದದ್ದು ಆಟಕ್ಕೆ ಬರುವಾಕೆಯ ಅಂಗಡಿಗೇ. ನನ್ನನ್ನು ಕಂಡು ಮುಖ ಸಿಂಡರಿಸುತ್ತಾಳೋ ಏನೋ ನೋಡೋಣ ಎಂದು. ಸಿಂಡರಿಸಲಿಲ್ಲ. ಸಣ್ಣ ತಿರುಪುಳಿ ಹಿಡಿದು ತಲೆ ಬಗ್ಗಿಸಿಕೊಂಡೇ ಹೇಳಿದಳು:

"ನಿನ್ನೆ ನಿಮ್ಮ ಅಕ್ಕ ಬಂದಿದ್ರು."

"ಕಣ್ಣು ತೋರ್ಸೋಕಾ?"

"ಹಾಗಂತ ಬಂದ್ರು. ಕಣ್ಣಿಗೇನೂ ಆಗಿಲ್ಲ. ಆ ಕುರ್ಚಿ ಮೇಲೆ ಒಂದು ಗಂಟೆ ಕೂತಿದ್ರು. ಸುಮ್ನೆ. ಮಂಗಳವಾರ ನಿಮ್ಮ ಭಾವನಿಗೆ ವ್ಯಾಯಾಮ ಮಾಡ್ಸೋನು ಮನೆಗೆ ಬರ್ತಾನಂತಲ್ಲ, ಅವನಿರೋ ಹೊತ್ತಲ್ಲಿ. 'ಇಲ್ಲಿ ಯಾರೂ ನನ್ನ ಕರೆಯಲ್ಲ, ಅದಕ್ಕೇ ಬಂದೆ' ಅಂದ್ರು."

"ಮತ್ತೇನಂದ್ಲು?"

"ಏನೂ ಇಲ್ಲ. ಗೋಡೆ ಮೇಲಿನ ಅಕ್ಷರಗಳನ್ನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದ್ತಾ ಇದ್ರು. ಹೋಗುವಾಗ ಥ್ಯಾಂಕ್ಸ್ ಅಂದ್ರು."

ನನ್ನ ಮನೆ ಅವಳ ಮನೆಯಿಂದ ಎರಡು ಬೀದಿ. ಕನ್ನಡಕದಂಗಡಿ ಅರ್ಧ ಊರು ದಾಟಿ. ಸ್ವಂತ ತಮ್ಮನ ಮನೆಯಲ್ಲಿ ಕುರ್ಚಿ ಇರಲಿಲ್ಲವೇ? ಊರವರ ಮುಂದೆ ಹೋಗಿ ಕೂರಬೇಕಿತ್ತೇ? ಶನಿವಾರ ಹೋಗಿ ಕೇಳಿಯೇಬಿಡುತ್ತೇನೆ.

ತಿರುಪು ಸರಿಯಾಗಿ ಕೂತಿದೆ. ಕೆಲಸ ಗೊತ್ತಿರುವ ಹೆಂಗಸು.

ಜೂನ್ 21, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋದಾಗ ಅಕ್ಕ ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದಳು. ನಾನು ಪುಸ್ತಕ ತೆಗೆದೆ. ನಲವತ್ತೊಂದನೇ ಪುಟದಲ್ಲಿ "ಹೊರಗೆ" ಎಂಬುದಕ್ಕೆ ಸಾವು ಎಂದೇ ಯಾಕೆ ಅರ್ಥ ಮಾಡಬೇಕು ಎನ್ನುವುದಕ್ಕೆ ನಾಲ್ಕು ಕಾರಣ ಬರೆದುಕೊಂಡು ಹೋಗಿದ್ದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವಳು, "ಈ ತುದಿ ಹಿಡ್ಕೋ," ಎಂದಳು. ಹಿಡಿದೆ. ಇಬ್ಬರೂ ಸೇರಿ ಹಿಂಡಿದೆವು. ನೀರೆಲ್ಲ ನನ್ನ ಪುಸ್ತಕದ ಮೇಲೆ.

"ಕನ್ನಡಕದಂಗಡಿಗೆ ಹೋಗಿ ಕೂತ್ಕೊಂಡಿದ್ಯಂತೆ. ನನ್ನ ಮನೆಗೆ ಬರೋಕೇನಾಗಿತ್ತು?"

"ನಿನ್ನ ಮನೆಗೆ ಬಂದ್ರೆ ನಿಯಮ ಹೇಳ್ತೀಯ."

"ತಪ್ಪು ಮಾಡಿದ್ದು ನೀನು. ಬಾಗಿಲು ಬಿಟ್ಟವಳು ನೀನು."

ಅವಳು ಹೊದಿಕೆಯನ್ನು ತಂತಿಯ ಮೇಲೆ ಹಾಕಿ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದು ಕೇಳ್ತೀನಿ, ನೆಟ್ಟಗೆ ಹೇಳು. ಮೂರು ವರ್ಷದಲ್ಲಿ ಆ ಕೋಣೆ ಒಳಗೆ ಎಷ್ಟು ಸಲ ಕಾಲಿಟ್ಟಿದ್ದೀಯ?"

"ಪ್ರತಿ ಶನಿವಾರ ಮಾತಾಡ್ಸಿಯೇ—"

"ಹೊಸ್ತಿಲ ಮೇಲೆ ನಿಂತ್ಕೊಂಡು 'ಹೇಗಿದ್ದೀರಾ ಭಾವ' ಅಂತ ಗೋಡೆ ನೋಡ್ಕೊಂಡು ಕೇಳ್ತೀಯ. ಅವರು ಬಾಯಿ ತೆಗೆಯೋ ಹೊತ್ತಿಗೆ ನೀನು ಹಜಾರದಲ್ಲಿರ್ತೀಯ. ಒಳಗೆ ಕಾಲಿಟ್ಟಿದ್ದು ಎಷ್ಟು ಸಲ?"

ನಾನು ಪುಸ್ತಕದ ಮೇಲಿನ ನೀರು ಒರೆಸತೊಡಗಿದೆ.

"ಹೋಗ್ಬಿಡ್ಬೇಕು ಅಂತ ನನಗೆ ದಿನಾ ಅನ್ಸುತ್ತೆ ಕಣೋ. ದಿನಾ. ಯಾರ ಹತ್ರ ಹೇಳ್ಲಿ? ಹೇಳಿದ್ರೆ ಎಂಥ ಹೆಂಡತಿ ಅಂತಾರೆ. ಅದಕ್ಕೇ ಆಟದಲ್ಲಿ ಹೇಳಿದೆ. ಹತ್ತು ಹೆಜ್ಜೆ ಹೋಗಿ ಏನಿದೆ ನೋಡೋಣ ಅಂತ. ಆಟದಲ್ಲೂ ನೀನು ಬಿಡ್ಲಿಲ್ಲ. ಸಾಯ್ಸಿದೆ."

ನಾನು ಏನೋ ಕೂಗಿದೆ. ಏನೆಂದು ನೆನಪಿಲ್ಲ. ನನ್ನನ್ನು ಕೆಟ್ಟವನನ್ನಾಗಿ ಮಾಡಬೇಡ ಎಂದಿರಬೇಕು. ಬಾಗಿಲು ಬಡಿದು ಬಂದೆ. ಬೀದಿಯ ತಿರುವಿನಲ್ಲಿ ನೋಡಿದರೆ ಕೈಯಲ್ಲಿ ಅವಳ ಬಟ್ಟೆ ಕ್ಲಿಪ್ಪು ಇತ್ತು.

ಅವಳಿಗೇನು ಗೊತ್ತು? ಆ ಮನುಷ್ಯ ಒಂದು ಕಾಲದಲ್ಲಿ ಬರೀ ಹುಬ್ಬು ಏರಿಸಿದರೆ ಮೇಜಿನ ಸುತ್ತ ಕೂತ ನಾವೆಲ್ಲ ಕಾಡಿನಲ್ಲಿರುತ್ತಿದ್ದೆವು. ನನಗೆ ಕಥೆ ಹೇಳಲು ಕಲಿಸಿದವರು ಅವರು. ಅದೇ ಬಾಯಿಂದ ಈಗ "ಏ", "ಇಲ್ಲ", "ನೀರು", ಇಷ್ಟೇ ಬರುವುದು. ಗೋಡೆ ನೋಡದೆ ಇನ್ನೇನು ನೋಡಲಿ?

ಜೂನ್ 22, ಭಾನುವಾರ

ಒದ್ದೆ ಪುಸ್ತಕವನ್ನು ಒಣಗಲು ಬಿಡಿಸಿಟ್ಟಾಗ ಅಕ್ಕನ ಪಾತ್ರದ ಹಾಳೆ ಜಾರಿಬಿತ್ತು. ಅವಳದೇ ಅಕ್ಷರ. ಮದುವೆಯಾದ ಮೇಲೂ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದವಳು, ಭಾವನಿಗೆ ಹೀಗಾದ ಮೇಲೆ ಬಿಟ್ಟಳು. ಅಕ್ಷರ ಈಗಲೂ ಅಚ್ಚು ಹಾಕಿದ ಹಾಗೆ. ಪ್ರತಿಜ್ಞೆಯ ಜಾಗದಲ್ಲಿ ಬರೆದಿರುವುದು: "ಬದಲಿ ಬರುವವರೆಗೆ ಉತ್ತರ ಬಾಗಿಲು ಬಿಡುವುದಿಲ್ಲ."

ಬದಲಿ ಬರುವವರೆಗೆ.

ಎರಡು ವರ್ಷ ನಾನು ಆ ಸಾಲಿನ ಅರ್ಧವನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಪುಸ್ತಕ ತಿರುವಿದೆ. ಹದಿನೇಳನೇ ಪುಟ: ಪಾತ್ರದ ಪ್ರತಿಜ್ಞೆಯಲ್ಲಿ ಬೇರೊಬ್ಬರು ಬರಬೇಕೆಂದಿದ್ದರೆ ಅವರನ್ನು ಕಥೆಯೊಳಗೆ ತರುವ ಹೊಣೆ ಸೂತ್ರಧಾರನದು. ನಾನು ತರಲಿಲ್ಲ. ಮುತ್ತಿಗೆ ತಂದೆ, ಬೆಂಕಿ ತಂದೆ, ಬೇನೆ ತಂದೆ, ಎರಡು ಸಲ ಪ್ರವಾಹ ತಂದೆ. ಬದಲಿಯನ್ನು ತರಲಿಲ್ಲ. ಆಟದ ಲೆಕ್ಕದಲ್ಲಿ ಒಬ್ಬ ಹೆಂಗಸು ಏಳುನೂರು ದಿನ ಕಾವಲು ನಿಂತಿದ್ದಾಳೆ. ಯಾವ ಲಿಫ್ಟಿನಲ್ಲಾದರೂ ಒಬ್ಬ ಆಪರೇಟರನನ್ನು ಹೀಗೆ ನಿಲ್ಲಿಸಿದ್ದರೆ ಆ ಕಟ್ಟಡಕ್ಕೇ ಬೀಗ ಹಾಕಿಸುತ್ತಿದ್ದೆ.

ನಿಯಮ ಸ್ಪಷ್ಟವಾಗಿದೆ. ಮುರಿದವನು ನಾನು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿರುವುದು ಇದಕ್ಕೆ. ಮೇಷ್ಟ್ರಾದರೂ ನೋಡಬೇಕಿತ್ತಲ್ಲ? ಅವರೂ ಅಲ್ಲೇ ಕೂತಿದ್ದರಲ್ಲ?

ಜೂನ್ 24, ಮಂಗಳವಾರ

ಆಫೀಸಿನಲ್ಲಿ ಹತ್ತು ದಿನ ರಜೆ ಬರೆದುಕೊಟ್ಟು ನೇರ ಅಕ್ಕನ ಮನೆಗೆ ಹೋದೆ.

"ಶನಿವಾರದಿಂದ ಹತ್ತು ದಿನ ನಾನಿರ್ತೀನಿ. ನೀನು ಹೋಗು."

"ಎಲ್ಲಿಗೆ?"

"ನನಗೇನು ಗೊತ್ತು? ಹೋಗ್ತೀನಿ ಅಂದವಳು ನೀನು."

"ನಿನಗೆ ಆಗಲ್ಲ ಕಣೋ. ಎತ್ತಿ ಕೂರಿಸ್ಬೇಕು, ಒರೆಸ್ಬೇಕು, ಎಲ್ಲಾ ಮಾಡ್ಬೇಕು."

"ಬರ್ದು ಕೊಡು. ಬರ್ದದ್ದನ್ನ ಮಾಡೋಕೆ ನನಗೆ ಬರುತ್ತೆ."

ನಂಬಲಿಲ್ಲ. ಜಗಳವಾಡಿದೆವು. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬಳ ಮನೆಗೆ ಹೋಗುತ್ತೇನೆ ಎಂದಳು, ರೈಲಿನಲ್ಲಿ ಐದು ಗಂಟೆ. ಹೇಳುವಾಗ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ನೆಗಡಿಯಿರಬೇಕು.

ಜೂನ್ 28, ಶನಿವಾರ

ಬೆಳಿಗ್ಗೆ ಆಟೋ ಹತ್ತುವಾಗಲೂ ಹೇಳುತ್ತಲೇ ಇದ್ದಳು. ಏಳು ಪುಟ ಬರೆದುಕೊಟ್ಟಿದ್ದಾಳೆ. ಇಷ್ಟು ಕೆಟ್ಟ ನಿಯಮಾವಳಿಯನ್ನು ನಾನು ಕಂಡಿಲ್ಲ. ಎರಡನೇ ಪುಟದಲ್ಲಿ "ನೀರನ್ನು ಹಾಗೇ ಕೊಡಬಾರದು, ನೆತ್ತಿಗೇರುತ್ತದೆ, ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲೇ ಕೊಡು" ಎಂದಿದೆ. ಐದನೇ ಪುಟದಲ್ಲಿ "ಕೇಳಿದಾಗ ನೀರು ಕೊಡು" ಎಂದಿದೆ. ಯಾವ ನೀರು? "ಸ್ವಲ್ಪ ಹೊತ್ತು ಕೂರಿಸು." ಸ್ವಲ್ಪ ಎಂದರೆ ಎಷ್ಟು ನಿಮಿಷ? "ಬೇಜಾರಾದರೆ ಗೊತ್ತಾಗುತ್ತದೆ." ಯಾರಿಗೆ?

ಮಧ್ಯಾಹ್ನದ ಊಟದಲ್ಲಿ ನಾಲ್ಕನೇ ಚಮಚಕ್ಕೆ ಭಾವ ಎಡಗೈಯಿಂದ ಚಮಚ ಹೊಡೆದರು. ಗೋಡೆಗೆಲ್ಲ ಹಾರಿತು. "ಇಲ್ಲ" ಎಂದರು. ಏನು ಇಲ್ಲ? ಬೇಡವೋ, ಬಿಸಿಯೋ, ನಾನು ಬೇಡವೋ? "ಇಲ್ಲ." ಹಾಸಿಗೆಯ ಹೊದಿಕೆ ಬದಲಾಯಿಸಲು ಅವರನ್ನು ಪಕ್ಕಕ್ಕೆ ಹೊರಳಿಸುವಾಗ ನನ್ನ ಸೊಂಟ ಕಳಕ್ಕೆಂದಿತು. ಇಬ್ಬರೂ ಒಟ್ಟಿಗೆ ನರಳಿದೆವು. ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ, ಇನ್ನೆಲ್ಲಿ ನೋಡಲಿ, ಒಂದು ಗೇಣು ದೂರದಲ್ಲಿತ್ತು.

ಗಡ್ಡ ಎಷ್ಟು ನರೆತಿದೆ.

ಜುಲೈ 1, ಮಂಗಳವಾರ

ಊಟ ಬಿಸಿಯಾಗಿತ್ತಂತೆ, ಅಷ್ಟೇ. ಮೂರು ದಿನ ಬೇಕಾಯಿತು ತಿಳಿಯಲು. ಅಕ್ಕನ ಏಳು ಪುಟದಲ್ಲಿ ಈ ಒಂದು ಮಾತಿಲ್ಲ. ಎಂಟನೇ ಪುಟ ನಾನೇ ಶುರು ಮಾಡಿದ್ದೇನೆ.

ಗದ್ದ ಮೇಲೆತ್ತಿ ಹೇಳುವ "ಇಲ್ಲ" ಬೇರೆ, ಕಣ್ಣು ಮುಚ್ಚಿ ಹೇಳುವ "ಇಲ್ಲ" ಬೇರೆ. ಎರಡನೆಯದು ಬಹುಮಟ್ಟಿಗೆ "ಹೂಂ".

ಜುಲೈ 3, ಗುರುವಾರ

ಗಡ್ಡ ಬೋಳಿಸುವಾಗ ಗಲ್ಲದ ಮೇಲೆ ಸ್ವಲ್ಪ ಗಾಯ ಮಾಡಿದೆ. ಅರ್ಧ ಗಂಟೆ ನನ್ನನ್ನು ನೋಡದೆ ಗೋಡೆ ನೋಡುತ್ತ ಮಲಗಿದ್ದರು. ಅವರು ಬೇಕೆಂದೇ ಮಾಡಿದ್ದು. ಆ ಮನುಷ್ಯನಿಗೆ ಏನೂ ಮರೆತಿಲ್ಲ.

ಜುಲೈ 5, ಶನಿವಾರ

ಇಷ್ಟು ಸಿಟ್ಟು ಈ ಒಂದು ತಿಂಗಳಲ್ಲಿ ಬಂದಿರಲಿಲ್ಲ.

ಮಧ್ಯಾಹ್ನ ಮೇಷ್ಟ್ರೂ ಕನ್ನಡಕದಂಗಡಿಯಾಕೆಯೂ ಬಂದರು. ನಾನೇ ಕರೆದಿದ್ದೆ. ಮೇಷ್ಟ್ರ ಹತ್ತಿರ, "ಅವತ್ತು ನಾನು ಆಡಿದ್ದು ತಪ್ಪಾಯ್ತು" ಎಂದೆ. "ಯಾವತ್ತು? ನನಗೆ ನೆನಪು ಸರಿಯಿಲ್ಲ," ಎಂದರು ಮುದುಕ, ನಗದೆ. ಭಾವನನ್ನು ಗಾಲಿಕುರ್ಚಿಯಲ್ಲಿ ಹಜಾರಕ್ಕೆ ತಂದು ಮೇಜಿನ ಹತ್ತಿರ ನಿಲ್ಲಿಸಿದೆ. ಸುಮ್ಮನೆ ಗಾಳಿಗೆಂದು. ಒಳಗೆ ಸೆಕೆ.

ತಪಾಸಣಾ ವರದಿಯಲ್ಲಿ ಬರೆಯುವ ಹಾಗೆ ಹೇಳಿದೆ: ಜೂನ್ ಏಳರ ತೀರ್ಪು ರದ್ದು. ಕಾವಲುಗಾತಿ ಬಾಗಿಲಲ್ಲೇ ಇದ್ದಾಳೆ. ಬದಲಿಯವನು ಶತ್ರುಗಳ ಸಾಲು ದಾಟಿ ಅವಳಿದ್ದಲ್ಲಿಗೆ ಬರಬೇಕು. ಅವನನ್ನು ಸೂತ್ರಧಾರನಾಗಿ ನಾನೇ ನಡೆಸುತ್ತೇನೆ.

ಕನ್ನಡಕದಂಗಡಿಯಾಕೆ ಪಾತ್ರದ ಖಾಲಿ ಹಾಳೆಯೊಂದನ್ನು ಭಾವನ ಮುಂದಿಟ್ಟಳು. "ಇವರಿದ್ದಾರಲ್ಲ. ಇವರು ಆಡ್ಲಿ."

"ಆಗಲ್ಲಮ್ಮಾ. ಆರನೇ ಪುಟ. ಆಟಗಾರ ತನ್ನ ನಡೆಯನ್ನು ತಾನೇ ತಿಳಿಸಬೇಕು."

"ತಿಳಿಸ್ಬೇಕು ಅಂತಿದೆ. ಬಾಯಲ್ಲೇ ಅಂತ ಇದೆಯಾ?" ಎಂದರು ಮೇಷ್ಟ್ರು.

ನೋಡಿದೆ. ಇಲ್ಲ.

ಭಾವನ ಎಡಗೈ ಆಗಲೇ ಮೇಜಿನ ಮೇಲಿತ್ತು. ಅಕ್ಕ ಬರೆದ ಕೋಟೆಯ ನಕ್ಷೆಯ ಮೇಲೆ ಬೆರಳಿಟ್ಟು ಎಳೆದರು. ನಾನು ಕಾವಲು ಇಟ್ಟಿದ್ದ ಮೂರು ದಾರಿಯನ್ನೂ ಬಿಟ್ಟು ನೀರು ಹೋಗುವ ತೂಬಿನಲ್ಲಿ ಬೆರಳು ನುಸುಳಿತು. ತೂಬು! ಎರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. "ಕಿರಿದಾಗಿದೆ, ಐದಕ್ಕೆ ಕಮ್ಮಿ ಬಿದ್ದರೆ ಸಿಕ್ಕಿಬೀಳ್ತೀರಿ," ಎಂದು ದಾಳ ಅವರ ಕೈಗೆ ಕೊಟ್ಟೆ.

ಉರುಳಿಸಿದರು. ಎರಡು ಬಿತ್ತು.

ನಾನು ಪುಸ್ತಕದ ಕಡೆ ಕಣ್ಣು ಹಾಕಿದ್ದು ಅರೆ ಕ್ಷಣ. ಓರೆಗಣ್ಣಿನಲ್ಲಿ ಕಂಡಿತು: ಕಿರುಬೆರಳು ದಾಳದ ಅಂಚನ್ನು ತಟ್ಟಿತು. ತಿರುಗಿ ನೋಡಿದರೆ ಆರು.

"ಭಾವ, ತಿರುಗಿಸಿದ್ರಿ!"

"ಇಲ್ಲ."

"ನಾನು ನೋಡಿದೆ. ಎರಡು ಬಿದ್ದಿತ್ತು!"

"ಇಲ್ಲ!"

"ಮೇಷ್ಟ್ರೇ, ನೀವು ಹೇಳಿ."

ಮೇಷ್ಟ್ರು ಸೂರು ನೋಡುತ್ತಿದ್ದರು. ಕನ್ನಡಕದಂಗಡಿಯಾಕೆ ತನ್ನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ಕಳ್ಳರು, ಎಲ್ಲರೂ ಕಳ್ಳರು. ನಾನು ಎದ್ದು ನಿಂತೆ. ಲಕ್ವ ಹೊಡೆದರೆ ಮೋಸ ಮಾಡಬಹುದೆಂದು ಯಾವ ಪುಟದಲ್ಲಿದೆ ತೋರಿಸಿ ಎಂದು ಮೇಜು ಗುದ್ದಿದೆ. ಅವರೂ ಎಡಗೈಯಲ್ಲಿ ಗುದ್ದಿದರು. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ಬಾಯಿ ಒಂದು ಕಡೆ ಎಳೆದುಕೊಂಡು, ಒಳಗಿಂದ ಏನನ್ನೋ ಎತ್ತಿ ಹಾಕುವ ಹಾಗೆ,

"ಸುಳ್... ಸುಳ್ಳ!"

ನನಗೆ! ನನ್ನನ್ನು ಸುಳ್ಳ ಎಂದರು! ದಾಳ ತಿರುಗಿಸಿದವರು ಅವರು, ಸುಳ್ಳ ನಾನು!

ಅಷ್ಟರಲ್ಲಿ ಅಕ್ಕನ ಫೋನು.

"ಏನೋ ಅದು ಗಲಾಟೆ? ಅವರಿಗೇನಾಯ್ತು?"

"ನಿನ್ನ ಗಂಡ ಮೋಸ ಮಾಡ್ತಿದ್ದಾರೆ!"

"ಏನು?"

"ದಾಳ ತಿರುಗಿಸ್ತಾರೆ ಅಕ್ಕಾ, ಕಣ್ಣೆದುರಿಗೇ! ಎರಡನ್ನ ಆರು ಮಾಡಿ ನನಗೇ ಸುಳ್ಳ ಅಂತಾರೆ!"

"ಸುಳ್ಳ ಅಂದ್ರಾ? ಅವರೇನಾ?" ಎಂದಳು. ಕೇಳು ಎಂದು ಫೋನನ್ನು ಅವರ ಕಡೆ ಹಿಡಿದೆ. ಹಿಂದೆ ಭಾವ ಇನ್ನೂ "ಸುಳ್ಳ, ಸುಳ್ಳ" ಎಂದು ಮೇಜು ಗುದ್ದುತ್ತಲೇ ಇದ್ದರು.

"ಬಿಡ್ಬೇಡ ಅವರನ್ನ," ಎಂದಳು ಅಕ್ಕ. ನೆಗಡಿ ಇನ್ನೂ ಹೋಗಿಲ್ಲ ಎಂದು ಕಾಣುತ್ತದೆ.

ಬಿಡುವ ಮಾತೇ ಇಲ್ಲ. ನಾಳೆ ಬೆಳಿಗ್ಗೆ ಮೈ ಒರೆಸುವಾಗಲೇ ಶುರು ಮಾಡುತ್ತೇನೆ. ಎರಡೆಂದರೆ ಎರಡೇ.